ಎರಡು ಮಳೆಗಾಲ ಕಂಡ ಬೆಂಡೆ ಬೀಜ: ಬಿತ್ತುವುದಾ, ಎಸೆಯುವುದಾ?

ಹಿತ್ತಲಮನೆ (ಶಿರಸಿ)
ಮೇ 20, ರಾತ್ರಿ 9:40

ರೋಹಿಣಿ ಮಳೆ ಹತ್ತಿರ ಬಂತು ಅಂತ ಇವತ್ತು ಬೀಜದ ಡಬ್ಬಿ ಕೆಳಗಿಳಿಸಿದೆ. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ, ಅಡುಗೆಮನೆ ಶೆಲ್ಫಿನ ಮೇಲೆ ಅದರದ್ದೇ ಜಾಗ. ಮುಚ್ಚಳ ತೆಗೆದದ್ದೇ ಸೈ, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

ಒಳಗಿದ್ದದ್ದು ಹೇಳ್ತೇನೆ. ಅರ್ಧ ಉಳಿದ ಬೆಂಡೆ ಪ್ಯಾಕೆಟ್ಟು, ಅರ್ಕಾ ಅನಾಮಿಕಾ ತಳಿ, ಎರಡು ವರ್ಷದ ಹಿಂದೆ ತಂದದ್ದು, ಬಾಯಿ ಮಡಚಿ ರಬ್ಬರ್ ಹಾಕಿದ್ದೆ. ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿದ ಸೂಜಿಮೆಣಸಿನ ಬೀಜ. ಮನೆಯದ್ದೇ ಹೀರೆ, ಹೋದ ವರ್ಷದ್ದು. ಅಲಸಂದೆ ಇತ್ತು ಅನ್ನಬೇಕು, ಈಗ ಅದರಲ್ಲಿ ಕಾಳಿಗಿಂತ ತೂತೇ ಜಾಸ್ತಿ. ಮತ್ತೆ ಏನೂ ಬರೆಯದ ಒಂದು ಪೊಟ್ಟಣ. ಕಟ್ಟುವಾಗ "ಇದು ಮರೆಯುತ್ತದಾ" ಅಂದುಕೊಂಡಿರಬೇಕು.

ಬೆಂಡೆ ಪ್ಯಾಕೆಟ್ಟಿನ ಅವಧಿ ಮುಗಿದು ವರ್ಷದ ಮೇಲಾಯಿತು. ಎಸೆಯಲಿಕ್ಕೆ ಮನಸ್ಸಿಲ್ಲ. ಹಾಗಂತ ಬಿತ್ತಿ, ಹದಿನೈದು ದಿನ ಕಾದು, ಹುಟ್ಟಲಿಲ್ಲ ಅಂದರೆ ಅಷ್ಟರಲ್ಲಿ ಮಳೆ ಜೋರಾಗಿ ಮತ್ತೆ ಬಿತ್ತಲಿಕ್ಕೂ ಆಗುವುದಿಲ್ಲ. ಹೋದ ಸಲ ಹಾಗೇ ಆಗಿ ಶ್ರಾವಣದಲ್ಲಿ ಪೇಟೆಯಿಂದ ಬೆಂಡೆಕಾಯಿ ತಂದೆವು. ಅತ್ತೆ ಏನೂ ಹೇಳಲಿಲ್ಲ, ಚೀಲ ಮಾತ್ರ ಎರಡು ಸಲ ನೋಡಿದರು. ಯಾವ ಬೀಜ ಎಷ್ಟು ವರ್ಷ ತಡೆಯುತ್ತದೆ, ಗೊತ್ತಿದ್ದವರು ಹೇಳಿ.

ಕಾಳಿಸಂಗಮ (ಕಾರವಾರ)
ಮೇ 20, ರಾತ್ರಿ 10:05

ಎಸೀರಿ ಅಕ್ಕ. ಅವಧಿ ಮುಗಿದ ಮೇಲೆ ಮಾತ್ರೆನೂ ಅಷ್ಟೇ, ಬೀಜನೂ ಅಷ್ಟೇ.

ಸಿದ್ದಾಪುರದ ಮಾಸ್ತರು
ಮೇ 21, ಬೆಳಿಗ್ಗೆ 6:15

ಕಾರವಾರದ ತಮ್ಮ, ಅದು ಅಷ್ಟು ಸುಲಭ ಅಲ್ಲ. ಬೀಜದ ಚೀಟಿಯ ಮೇಲಿನ ದಿನಾಂಕ ಬೀಜ ಸಾಯುವ ದಿನ ಅಲ್ಲ. ನಮ್ಮಲ್ಲಿ ಪ್ರಮಾಣಿತ ಬೀಜಕ್ಕೆ ಮೊಳಕೆ ಪರೀಕ್ಷೆ ಮಾಡಿದ ದಿನದಿಂದ 9 ತಿಂಗಳು ಅವಧಿ ಕೊಡುತ್ತಾರೆ. ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿ, ಪಾಸಾದರೆ 6 ತಿಂಗಳು ಮುಂದಕ್ಕೆ ಹಾಕುತ್ತಾರೆ. ಬೆಂಡೆಗೆ ಈರುಳ್ಳಿಗೆ ಎಲ್ಲಕ್ಕೂ ಅದೇ 9 ತಿಂಗಳು. ಬೆಂಡೆಯಲ್ಲಿ ನೂರಕ್ಕೆ ಕನಿಷ್ಠ 65 ಮೊಳೆಯಬೇಕು, ಟೊಮೆಟೊ ಮತ್ತು ಬದನೆಯಲ್ಲಿ 70, ಮೆಣಸಿನಲ್ಲಿ 60, ಇದು ನಿಯಮ. ಅಂದರೆ ಹೊಸ ಪ್ಯಾಕೆಟ್ಟಿನಲ್ಲೇ ಮೂರಕ್ಕೊಂದು ಬೆಂಡೆ ಹುಟ್ಟದಿದ್ದರೆ ಕಂಪನಿಯ ತಪ್ಪು ಅಂತ ಹೇಳಲಿಕ್ಕೆ ಬರುವುದಿಲ್ಲ.

ವರ್ಷದ ಲೆಕ್ಕ ಕೇಳಿದ್ದೀರಿ. ಪುಸ್ತಕದ ಲೆಕ್ಕ ಹೀಗಿದೆ: ಈರುಳ್ಳಿ ಒಂದು ವರ್ಷ, ಬೆಂಡೆ ಮತ್ತು ಮೆಣಸು ಎರಡು, ಬೀನ್ಸ್ ಮೂರು, ಟೊಮೆಟೊ, ಬದನೆ, ಕುಂಬಳ ನಾಲ್ಕು, ಸೌತೆ ಐದು. ಆದರೆ ಇದು ತಂಪಾದ, ಒಣ ಜಾಗದಲ್ಲಿ ಇಟ್ಟ ಬೀಜದ ಲೆಕ್ಕ. ಶಿರಸಿಯ ಅಡುಗೆಮನೆ ಶೆಲ್ಫಿಗೆ ಅದು ನಡೆಯುವುದಿಲ್ಲ.

ಬೀಜ ಅಂದರೆ ನಿದ್ದೆ ಮಾಡುತ್ತಿರುವ ಗಿಡ, ಉಸಿರಾಡುತ್ತಲೇ ಇರುತ್ತದೆ. ತೇವ ಹೆಚ್ಚಾದಷ್ಟು ಉಸಿರು ಜೋರು, ಒಳಗಿನ ಬುತ್ತಿ ಬೇಗ ಖಾಲಿ. ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಒಂದು ಅಂದಾಜಿದೆ: ಬೀಜದ ತೇವಾಂಶ ಶೇಕಡಾ 1 ಇಳಿದರೆ ಆಯಸ್ಸು ದುಪ್ಪಟ್ಟು, ಉಷ್ಣತೆ 5 ಡಿಗ್ರಿ ಇಳಿದರೆ ಮತ್ತೆ ದುಪ್ಪಟ್ಟು. ತಿರುಗಿಸಿದರೆ ತೇವಾಂಶ 8ರಿಂದ 12ಕ್ಕೆ ಏರಿದ ಬೀಜಕ್ಕೆ ಆಯಸ್ಸು ಹದಿನಾರರಲ್ಲಿ ಒಂದು ಪಾಲು. ಇನ್ನೊಂದು ಹಳೇ ಲೆಕ್ಕ, ಫ್ಯಾರನ್‌ಹೀಟ್ ಉಷ್ಣತೆ ಮತ್ತು ಗಾಳಿಯ ತೇವದ ಶೇಕಡಾ ಎರಡನ್ನೂ ಕೂಡಿಸಿದರೆ 100 ದಾಟಬಾರದು. ಜುಲೈ ತಿಂಗಳಲ್ಲಿ ಕಾರವಾರದ್ದು ಕೂಡಿಸಿ ನೋಡಿ. ಉಷ್ಣತೆ 80, ತೇವ 90ರ ಆಸುಪಾಸು. ಎಲ್ಲಿಗೆ ಬಂತು?

ಹಾಗಾಗಿ ಕೇಳಬೇಕಾದ್ದು ಬೀಜಕ್ಕೆ ಎಷ್ಟು ವರ್ಷ ಅಂತಲ್ಲ. ಎಷ್ಟು ಮಳೆಗಾಲ ಕಂಡಿದೆ, ಎಲ್ಲಿ ಕೂತು ಕಂಡಿದೆ ಅಂತ.

ಕಾಳಿಸಂಗಮ (ಕಾರವಾರ)
ಮೇ 21, ಬೆಳಿಗ್ಗೆ 8:30

170 ಆಯ್ತು ಮಾಸ್ತರ್ರೇ. ಒಪ್ಪಿದೆ.

ಆದ್ರೆ ಎರಡು ಸಾವಿರ ವರ್ಷದ ಖರ್ಜೂರ ಬೀಜ ಮೊಳೆತಿದೆ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳಾ?

ಸಿದ್ದಾಪುರದ ಮಾಸ್ತರು
ಮೇ 21, ಬೆಳಿಗ್ಗೆ 9:10

ಸುಳ್ಳಲ್ಲ. ಇಸ್ರೇಲಿನ ಮಸಾದ ಕೋಟೆಯ ಉತ್ಖನನದಲ್ಲಿ ಸಿಕ್ಕಿದ ಬೀಜ. 2005ರಲ್ಲಿ ಬಿತ್ತಿದ್ದು ಹುಟ್ಟಿತು. ಮೃತ ಸಮುದ್ರದ ಪಕ್ಕದ ಮರುಭೂಮಿ ಅದು. ಮಸಾದ ಕೋಟೆ ಯಲ್ಲಾಪುರದಲ್ಲಿ ಇದ್ದಿದ್ದರೆ ಬೀಜದ ಮಾತು ಬಿಡಿ, ಕೋಟೆಯ ಮೇಲೇ ಅಣಬೆ ಎದ್ದಿರುತ್ತಿತ್ತು.

ಗದ್ದೆಬದಿ (ಕುಮಟಾ)
ಮೇ 21, ಮಧ್ಯಾಹ್ನ 1:20

ಈರುಳ್ಳಿಗೆ ಒಂದೇ ವರ್ಷ ಅಂದದ್ದು ನೂರಕ್ಕೆ ನೂರು ಖರೆ. ನಮ್ಮ ಕಡೆ ಸಿಹಿ ಈರುಳ್ಳಿ ಬೆಳೆಯುತ್ತೇವೆ, ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗು ಹಾಕಿದ್ದು ನೋಡಿರಬಹುದು. ನಮ್ಮ ಮನೆಯಲ್ಲಿ ಹಳೇ ಈರುಳ್ಳಿ ಬೀಜ ಮುಟ್ಟುವುದೇ ಇಲ್ಲ. ಅಪ್ಪ ಒಂದು ವರ್ಷ ಉಳಿತಾಯ ಮಾಡ್ಲಿಕ್ಕೆ ಹೋಗಿ, ಸಸಿ ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಎದ್ದಿತ್ತು, ಬೋಳು ತಲೆಯ ಹಾಗೆ.

ಅಕ್ಕ, ನಿಮ್ಮ ಅಲಸಂದೆ ಎಸೀರಿ, ಅದಕ್ಕೆ ಪರೀಕ್ಷೆ ಬೇಡ. ಕುಟ್ಟೆ ಹುಳ ಡಬ್ಬಿಯಲ್ಲಿ ಹುಟ್ಟುವುದಲ್ಲ, ಕೋಡು ಗಿಡದಲ್ಲಿ ಒಣಗುವಾಗಲೇ ಮೊಟ್ಟೆ ಇಟ್ಟಿರುತ್ತದೆ. ನೀವು ಅದನ್ನ ಜೋಪಾನವಾಗಿ ಡಬ್ಬಿ ತುಂಬಿ ಸಾಕಿದಿರಿ ಅಷ್ಟೇ. ನಮ್ಮಲ್ಲಿ ಬಿಸಿಲಿಗೆ ಒಣಗಿಸಿ, ಕೈಗೆ ಸ್ವಲ್ಪ ಹರಳೆಣ್ಣೆ ಹಚ್ಚಿಕೊಂಡು ಕಾಳು ಉಜ್ಜಿ ಇಡ್ತಾರೆ. ಮೊಟ್ಟೆ ಹಿಡಿಯುವುದಿಲ್ಲ.

ಅಟ್ಟದ ಮೇಲೆ (ಶಿರಸಿ ತಾಲೂಕು)
ಮೇ 21, ಸಂಜೆ 7:00

ನೀವೆಲ್ಲ ಪುಸ್ತಕ ಹಿಡಿದು ಕೂತಿರಿ. ನಮ್ಮ ಆಯಿ ಇದನ್ನೆಲ್ಲ ಓದದೇ ಐವತ್ತು ವರ್ಷ ಬೀಜ ಇಟ್ಟಳು.

ಮೊಗೆಕಾಯಿ (ಸಾಂಬಾರು ಸೌತೆ) ಬೀಜಕ್ಕೆ ಸಗಣಿ, ಬೂದಿ ಕಲಸಿ ಒಲೆ ಹಿಂದಿನ ಗೋಡೆಗೆ ಬಡಿಯುವುದು. ಅಂಗೈ ಅಗಲದ ಬೆರಣಿ, ಅದರೊಳಗೆ ಐವತ್ತು ಅರವತ್ತು ಬೀಜ. ಮಳೆ ಬಿದ್ದ ಮೇಲೆ ಚೂರು ಮಾಡಿ ನೆನೆಸಿ ಹಾಕಿದರಾಯ್ತು. ಹರಿವೆ, ಬದನೆಯಂಥ ಸಣ್ಣ ಬೀಜ ಒಣಗಿದ ಸೋರೆ ಬುರುಡೆಯಲ್ಲಿ, ಬೂದಿ ಜೊತೆ, ಬಾಯಿಗೆ ಬಟ್ಟೆ ಗಿಡಿದು. ಹೀರೆ, ಸೋರೆ ಬಿಡಿಸುವುದೇ ಇಲ್ಲ, ಇಡೀ ಕಾಯಿ ಒಣಗಿಸಿ ಹೊಗೆ ಅಟ್ಟಕ್ಕೆ ನೇತು ಹಾಕುವುದು. ಮೊಗೆಕಾಯನ್ನೂ ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗಿಟ್ಟರೆ ಮಳೆಗಾಲ ಪೂರ್ತಿ ಸಾಂಬಾರಿಗಾಯ್ತು, ಕೊನೆಯ ಕಾಯಿ ಬೀಜಕ್ಕಾಯ್ತು. ಫ್ರಿಜ್ಜು ಎಲ್ಲಿತ್ತು ಆಗ?

ಕಾಳಿಸಂಗಮ (ಕಾರವಾರ)
ಮೇ 21, ಸಂಜೆ 7:25

ನಮ್ಮದು ಮೂರನೇ ಮಹಡಿ. ಸಗಣಿ ಗೋಡೆಗೆ ಬಡಿದರೆ ಮನೆ ಮಾಲೀಕ ನನ್ನನ್ನೇ ಅಟ್ಟಕ್ಕೆ ನೇತು ಹಾಕ್ತಾನೆ.

ಸಿದ್ದಾಪುರದ ಮಾಸ್ತರು
ಮೇ 21, ರಾತ್ರಿ 8:50

ಅಟ್ಟದವರೇ, ಆಯಿ ಮಾಡಿದ್ದು ಪುಸ್ತಕಕ್ಕೆ ವಿರುದ್ಧ ಅಲ್ಲ, ಅದೇ ಪುಸ್ತಕ. ಒಣ ಬೂದಿ ತೇವ ಎಳೆಯುತ್ತದೆ, ಕಾಳಿನ ಸಂದಿ ತುಂಬಿ ಹುಳ ಓಡಾಡದ ಹಾಗೆ ಮಾಡುತ್ತದೆ, ಹುಳದ ಮೈಮೇಲಿನ ಮೇಣದ ಪದರ ತರಚಿ ಅದನ್ನ ಒಣಗಿಸಿ ಕೊಲ್ಲುತ್ತದೆ. ಒಲೆ ದಿನಕ್ಕೆ ಎಂಟು ತಾಸು ಉರಿಯುತ್ತಿದ್ದ ಮನೆಯಲ್ಲಿ ಆ ಗೋಡೆ, ಆ ಅಟ್ಟ ಆಷಾಢದಲ್ಲೂ ಒಣ ಜಾಗ. ಊರಿಡೀ ತೊಪ್ಪೆಯಾದಾಗ ಮನೆಯೊಳಗೆ ಒಣಗಿದ್ದ ಜಾಗ ಅದೊಂದೇ. ಆಯಿ ಬೀಜ ಅಲ್ಲೇ ಇಟ್ಟರು.

ಈಗ ಗ್ಯಾಸು. ಗೋಡೆಗೆ ಪೇಂಟು. ಅದೇ ಸಗಣಿ ಅದೇ ಗೋಡೆಗೆ ಬಡಿದರೆ ನಾಲ್ಕನೇ ದಿನಕ್ಕೆ ಬಿಳಿ ಬೂಷ್ಟು. ನಮ್ಮ ಮನೆಯಲ್ಲೇ ಮಾಡಿ ನೋಡಿ ಕೈ ಸುಟ್ಟುಕೊಂಡಿದ್ದೇನೆ.

ಬೂದಿ ಬಳಸುವವರು ಅವತ್ತಿನ ಒಲೆಯ ಬೂದಿ ಜರಡಿ ಹಿಡಿದು, ಪೂರ್ತಿ ಆರಿದ ಮೇಲೆ ಕೂಡಲೇ ಬಳಸಿ. ಮೂಲೆಯಲ್ಲಿ ತಿಂಗಳು ಬಿದ್ದ ಬೂದಿ ಆಗಲೇ ನೀರು ಕುಡಿದಿರುತ್ತದೆ.

ಅಟ್ಟದ ಮೇಲೆ (ಶಿರಸಿ ತಾಲೂಕು)
ಮೇ 21, ರಾತ್ರಿ 9:15

ಅದು ಹೌದು. ನಮ್ಮಲ್ಲೂ ಈಗ ಬಚ್ಚಲ ಒಲೆ ಮಾತ್ರ. ಬೀಜದ ಕಾಯಿ ಅದರ ಮೇಲಿನ ಅಟ್ಟಕ್ಕೇ ವರ್ಗ ಆಗಿದೆ.

ಹಿತ್ತಲಮನೆ (ಶಿರಸಿ)
ಮೇ 21, ರಾತ್ರಿ 9:50

ಮಾಸ್ತರ್ರೇ, ನಿಮ್ಮ ಮಾತು ಓದಿ ಒಂದು ನೆನಪಾಯ್ತು. ಈ ಬೆಂಡೆ ಪ್ಯಾಕೆಟ್ಟು ತಂದ ವಾರವೇ ಅರ್ಧ ಬೀಜ ಹುಬ್ಬಳ್ಳಿಯ ನಾದಿನಿಗೆ ಕೊಟ್ಟಿದ್ದೆ, ಟೆರೇಸಿನ ಕುಂಡಕ್ಕೆ ಅಂತ. ಫೋನ್ ಮಾಡಿ ಕೇಳಿದೆ. ಒಂದಿಪ್ಪತ್ತು ಬೀಜ ಇನ್ನೂ ಇದೆಯಂತೆ, ಕಾಗದದ ಪೊಟ್ಟಣದಲ್ಲಿ, ಟಿವಿ ಕೆಳಗಿನ ಡ್ರಾಯರಿನಲ್ಲಿ. ಫ್ರಿಜ್ಜೂ ಇಲ್ಲ, ಬೂದಿಯೂ ಇಲ್ಲ.

ಸಿದ್ದಾಪುರದ ಮಾಸ್ತರು
ಮೇ 21, ರಾತ್ರಿ 9:58

ತರಿಸಿ! ಒಂದೇ ಪ್ಯಾಕೆಟ್ಟು, ಒಂದೇ ವಯಸ್ಸು, ಊರು ಮಾತ್ರ ಬೇರೆ. ಇಂಥ ಅವಕಾಶ ನನ್ನ ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ಕೊಡಿಸಲಿಕ್ಕೆ ಆಗಲಿಲ್ಲ.

ಪರೀಕ್ಷೆ ಹೀಗೆ ಮಾಡಿ. ಹಳೇ ಪಂಚೆಯ ತುಂಡು ಒದ್ದೆ ಮಾಡಿ ಗಟ್ಟಿ ಹಿಂಡಿ, ನೀರು ತೊಟ್ಟಿಕ್ಕಬಾರದು. ಹತ್ತು ಬೀಜ ಸಾಲಾಗಿ ಇಟ್ಟು, ಒಂದಕ್ಕೊಂದು ತಾಗದ ಹಾಗೆ, ಸುರುಳಿ ಸುತ್ತಿ. ಬಾಯಿ ಸಡಿಲ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗೇ ಬೆಚ್ಚಗಿನ ಜಾಗದಲ್ಲಿ ಇಡಿ. ಹೆಸರು, ತಾರೀಕು ಬರೆದ ಚೀಟಿ ಮರೆಯಬೇಡಿ, ನಿಮಗೆ ಆ ಖಾಯಿಲೆ ಇದೆ. ಸೌತೆ ಜಾತಿಗೆ ನಾಲ್ಕೈದು ದಿನ, ಬೆಂಡೆಗೆ ಹತ್ತು ದಿನ, ಮೆಣಸಿಗೆ ಎರಡು ವಾರ ಕಾಯಿರಿ. ಬೆಂಡೆಯನ್ನು ಮೊದಲೇ ಒಂದು ರಾತ್ರಿ ನೆನೆಸಿ, ಸಿಪ್ಪೆ ಗಟ್ಟಿ. ನೀರಲ್ಲಿ ತೇಲಿದ್ದೆಲ್ಲ ಸತ್ತದ್ದು ಅಂತ ಎಸೆಯಬೇಡಿ, ಕುಂಬಳ ಜಾತಿಯ ಒಳ್ಳೇ ಬೀಜವೂ ಹಗುರಾಗಿ ತೇಲುತ್ತದೆ.

ಎಷ್ಟು ಮೊಳೆಯಿತು ಅನ್ನುವುದರ ಜೊತೆ ಎಷ್ಟನೇ ದಿನ ಅಂತಲೂ ಬರೆದಿಡಿ. ಬೀಜ ಸಾಯುವ ಮೊದಲು ಸೋಲುತ್ತದೆ. ಬಟ್ಟೆಯಲ್ಲಿ ಎಂಟನೇ ದಿನ ಕಷ್ಟಪಟ್ಟು ಬಾಲ ಹಾಕಿದ ಬೀಜ ಮೃಗಶಿರೆ ಮಳೆಯ ಒದ್ದೆ ಮಣ್ಣಲ್ಲಿ ಕೊಳೆಯುತ್ತದೆ.

ಗದ್ದೆಬದಿ (ಕುಮಟಾ)
ಮೇ 22, ಬೆಳಿಗ್ಗೆ 7:40

ಗುಲಾಬಿ ಬಣ್ಣ ಹಚ್ಚಿದ ಬೀಜ ಆದ್ರೆ ಕೈ ತೊಳೀರಿ, ಉಳಿದದ್ದು ಕೋಳಿಗೆ ಹಾಕಬೇಡಿ. ಅದು ಶಿಲೀಂಧ್ರದ ಔಷಧಿ.

ಹೊಸ ಕೈತೋಟ (ಅಂಕೋಲಾ)
ಮೇ 22, ಬೆಳಿಗ್ಗೆ 10:10

ನನ್ನದೂ ಒಂದು ಪ್ರಶ್ನೆ. ಫ್ರಿಜ್ಜಿನಲ್ಲಿ ಇಟ್ಟರೆ ಎಲ್ಲ ಸರಿಯಾಗ್ತದೆ ಅಂತ ಕೇಳಿ ಹೋದ ವರ್ಷ ಅಪ್ಪೆಮಿಡಿ ಮಾವಿನ ಗೊರಟು, ಮುರುಗಲು (ಕೋಕಂ) ಬೀಜ, ಎರಡು ಹಲಸಿನ ಬೇಳೆ, ಎಲ್ಲ ತೊಳೆದು ಒಣಗಿಸಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಡಿಸೆಂಬರ್‌ನಲ್ಲಿ ಹಾಕಿದೆ. ಒಂದೂ ಹುಟ್ಟಲಿಲ್ಲ. ಟೊಮೆಟೊ ಮಾತ್ರ ಚೆನ್ನಾಗಿ ಬಂತು.

ಸಿದ್ದಾಪುರದ ಮಾಸ್ತರು
ಮೇ 22, ಬೆಳಿಗ್ಗೆ 11:30

ಅಯ್ಯೋ, ಒಣಗಿಸಿದಾಗಲೇ ಸತ್ತಿವೆ. ಮಾವು, ಹಲಸು, ಮುರುಗಲು, ನೇರಳೆ, ಅಡಿಕೆ, ಕೋಕೋ, ಇವು ಬೇರೆ ಜಾತಿಯ ಬೀಜಗಳು. ಮಳೆಕಾಡಿನ ಮರಗಳು ಬೀಜ ಉದುರಿಸುವುದೇ ಒದ್ದೆ ನೆಲಕ್ಕೆ, ಒಣಗಿ ಕಾಯುವ ಅಭ್ಯಾಸ ಅವಕ್ಕಿಲ್ಲ. ಒಣಗಿಸಿದರೆ ಸಾಯುತ್ತವೆ, ಚಳಿಗೂ ಸಾಯುತ್ತವೆ. ಹಣ್ಣು ತಿಂದ ವಾರದಲ್ಲೇ ಮಣ್ಣಿಗೆ ಹಾಕಿ, ಅಷ್ಟೇ. ಮಳೆಗಾಲಕ್ಕೆ ತಿನ್ನಲಿಕ್ಕೆ ಅಂತ ಹಲಸಿನ ಬೇಳೆಯನ್ನು ಮಣ್ಣಲ್ಲಿ ಹೂತು ಹಸಿಯಾಗಿ ಇಡುವ ಪದ್ಧತಿ ಇದೆಯಲ್ಲ, ತಿನ್ನಲು ತಡವಾದರೆ ಅದೇ ಮೊಳಕೆ ಒಡೆದಿರುತ್ತದೆ, ನೋಡಿದ್ದೀರಲ್ಲ?

ತರಕಾರಿ ಬೀಜ ಎಲ್ಲ ಒಣಗುವ ಜಾತಿಯದ್ದು. ಫ್ರಿಜ್ಜು ಅದಕ್ಕೆ.

ಕಾಳಿಸಂಗಮ (ಕಾರವಾರ)
ಮೇ 22, ಮಧ್ಯಾಹ್ನ 2:00

ಫ್ರಿಜ್ಜಿನ ಮಾತು ಬಂತು, ಅದರಲ್ಲಿ ನಾನು ಪೆಟ್ಟು ತಿಂದವ. ಸ್ಟೀಲ್ ಡಬ್ಬಿಯಲ್ಲಿ ಬೀಜ ಹಾಕಿ ಫ್ರಿಜ್ಜಲ್ಲಿಟ್ಟಿದ್ದೆ. ಪ್ರತಿ ಭಾನುವಾರ ತೆಗೆದು, ಮುಚ್ಚಳ ಬಿಚ್ಚಿ ನೋಡಿ, ಸಮಾಧಾನ ಮಾಡ್ಕೊಂಡು ಮತ್ತೆ ಒಳಗೆ. ಮೂರು ತಿಂಗಳಿಗೆ ಹಾಗಲ ಬೀಜಕ್ಕೆ ಬೂಷ್ಟು. ಕಾರವಾರದ ಗಾಳಿಯಲ್ಲಿ ತಣ್ಣಗಿನ ಡಬ್ಬಿ ತೆರೆದರೆ ಎಳನೀರು ಬಾಟ್ಲಿ ಮೈ ಬೆವರಿದ ಹಾಗೆ ಬೀಜದ ಮೈಯೆಲ್ಲ ನೀರು. ಈಗ ಹೊರಗೆ ತೆಗೆದು ಅರ್ಧ ದಿನ ಮುಚ್ಚಿಯೇ ಬಿಡ್ತೇನೆ, ಡಬ್ಬಿ ಕೋಣೆಯಷ್ಟೇ ಬಿಸಿ ಆದ ಮೇಲೆ ಬಿಚ್ಚುವುದು. ಮತ್ತೆ ವರ್ಷಕ್ಕೆ ಒಂದೇ ಸಲ.

ಒಳಗೆ ಸಿಲಿಕಾ ಜೆಲ್ ಹಾಕ್ತೇನೆ, ನೀಲಿ ಹರಳು. ಗುಲಾಬಿ ಆದ್ರೆ ಅದರ ಹೊಟ್ಟೆ ತುಂಬಿತು ಅಂತ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬಳಸಬೇಡಿ, ನೀಲಿಯಲ್ಲಿ ಕೋಬಾಲ್ಟ್ ಇರ್ತದಂತೆ.

ಗದ್ದೆಬದಿ (ಕುಮಟಾ)
ಮೇ 22, ಮಧ್ಯಾಹ್ನ 2:35

ನೀಲಿ ಹರಳು ಸಿಗದವರು ಅಕ್ಕಿ ಕೆಂಪಗೆ ಹುರಿದು, ಬಿಸಿ ಇರುವಾಗಲೇ ಬಾಟಲಿಗೆ ಹಾಕಿ ಮುಚ್ಚಿ. ಆರಿದ ಮೇಲೆ ಅದರ ಮೇಲೆ ಬೀಜದ ಕಾಗದದ ಪೊಟ್ಟಣ ಇಡಿ. ಒಂದು ವಾರಕ್ಕೆ ಬೀಜ ಗರಿಗರಿ. ಆಮೇಲೆ ಅಕ್ಕಿ ತೆಗೀರಿ.

ಒಣಗಿದೆಯಾ ಅಂತ ನೋಡ್ಲಿಕ್ಕೆ, ಸೌತೆ ಕುಂಬಳದ ಬೀಜ ಮಡಚಿದರೆ ಪಟ್ ಅಂತ ಮುರಿಯಬೇಕು. ಬಗ್ಗಿದರೆ ಇನ್ನೂ ಹಸಿ. ಭತ್ತ, ಕಾಳಿಗೆ ಅಜ್ಜ ಒಣ ಉಪ್ಪು ಹಾಕಿ ಗಾಜಿನ ಬಾಟಲಿ ಕುಲುಕುತ್ತಿದ್ದ. ಉಪ್ಪು ಗಾಜಿಗೆ ಅಂಟಿದರೆ ಮತ್ತೆ ಅಂಗಳಕ್ಕೆ.

ಹೊಸ ಕೈತೋಟ (ಅಂಕೋಲಾ)
ಮೇ 22, ಸಂಜೆ 5:15

ಅಂಗಡಿಯಲ್ಲೇ ಹಾಳಾಗಿ ಬಂದರೆ? ನಾನು ತರುವ ಕಡೆ ಪ್ಯಾಕೆಟ್ಟುಗಳನ್ನ ಬಾಗಿಲಲ್ಲೇ ನೇತು ಹಾಕ್ತಾರೆ. ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಇರಚಲು.

ಅಟ್ಟದ ಮೇಲೆ (ಶಿರಸಿ ತಾಲೂಕು)
ಮೇ 22, ಸಂಜೆ 6:40

ಒಳಗಿನ ರಾಶಿಯಿಂದ ಕೊಡಿ ಅಂತ ಕೇಳಿ. ಕಾಗದದ್ದು ಬೇಡ, ಬೆಳ್ಳಿ ಹಾಳೆಯ ಪ್ಯಾಕೆಟ್ಟು ತಗೊಳ್ಳಿ. ಅದಕ್ಕಿಂತ ಮೇಲು ಊರ ಬೀಜ ಬದಲಿ ಮಾಡಿಕೊಳ್ಳುವುದು. ಶಿರಸಿಯಲ್ಲಿ ಬೀಜ ಉಳಿಸುವ ಹೆಂಗಸರ ಗುಂಪು ವನಸ್ತ್ರೀಯವರ ಮಲೆನಾಡು ಮೇಳಕ್ಕೆ ಬನ್ನಿ, ಹಿತ್ತಲ ಬೀಜ ಇಟ್ಟ ಹೆಂಗಸರೇ ಕೂತು ಮಾರುತ್ತಾರೆ. ಯಾವಾಗ ಬಿಡಿಸಿದ್ದು, ಎಲ್ಲಿ ಇಟ್ಟಿದ್ದು ಅಂತ ಅವರನ್ನೇ ಕೇಳಬಹುದು. ಎಫ್1, ಅಂದರೆ ಎರಡು ತಳಿ ಕೂಡಿಸಿ ಮಾಡಿದ ಸಂಕರಣ ತಳಿಯಾದರೆ ಬೀಜ ಎತ್ತಿಡಬೇಡಿ, ಮರುವರ್ಷ ತಾಯಿಯಂತೆ ಬರುವುದಿಲ್ಲ.

ಹಿತ್ತಲಮನೆ (ಶಿರಸಿ)
ಜೂನ್ 6, ಸಂಜೆ 6:20

ತಡವಾಯ್ತು, ಎಲ್ಲರೂ ಬೈದುಕೊಂಡಿರಬಹುದು. ನಾದಿನಿ ಬೀಜವನ್ನ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದಳು, ಕಾಗದದ ಪೊಟ್ಟಣ, ಮೇಲೆ "ಅತ್ತಿಗೆಗೆ ಬೆಂಡೆ" ಅಂತ ಬರೆದು. ಅದು ಬಂದ ರಾತ್ರಿಯೇ ಎರಡೂ ಕಡೆಯದ್ದು ಬೇರೆ ಬೇರೆ ಲೋಟದಲ್ಲಿ ನೆನೆಸಿ, ಬೆಳಿಗ್ಗೆ ಒಂದೇ ಪಂಚೆಯ ಎರಡು ತುಂಡಿನಲ್ಲಿ ಸುತ್ತಿ, ಒಂದೇ ಚೀಲದಲ್ಲಿ ಹಾಕಿದೆ. ಚೀಟಿಯನ್ನೂ ಬರೆದೆ ಮಾಸ್ತರ್ರೇ.

ಮೂರನೇ ದಿನ ಬಿಚ್ಚಿದೆ. ಹುಬ್ಬಳ್ಳಿಯದ್ದರಲ್ಲಿ ನಾಲ್ಕು ಬೀಜ ಬಿಳೀ ಬಾಲ ಹಾಕಿದ್ದವು. ಶಿರಸಿಯದ್ದು ಉಬ್ಬಿ ಕೂತಿದ್ದವು, ಅಷ್ಟೇ. ಐದನೇ ದಿನ ಹುಬ್ಬಳ್ಳಿಯದ್ದು ಏಳು. ಶಿರಸಿಯದ್ದರಲ್ಲಿ ಮೂರಕ್ಕೆ ಬೂದು ಬಣ್ಣದ ಬೂಷ್ಟು, ಬೆರಳಲ್ಲಿ ಒತ್ತಿದರೆ ಗಂಜಿಯ ಹಾಗೆ ಒಳಗಿನದ್ದು ಹೊರಗೆ ಬಂತು. ಒಂಬತ್ತನೇ ದಿನ ಒಂದೇ ಒಂದು ಮೊಳೆಯಿತು, ಅದೂ ಡೊಂಕು. ಒಂದೇ ಪ್ಯಾಕೆಟ್ಟಿನ ಬೀಜ, ಅಲ್ಲಿ ಹತ್ತಕ್ಕೆ ಏಳು, ಇಲ್ಲಿ ಒಂದು.

ನಾನು ಮುಚ್ಚಳದ ಡಬ್ಬಿ, ರಬ್ಬರ್ ಬ್ಯಾಂಡು ಅಂತ ಎಷ್ಟು ಕಾಳಜಿ ಮಾಡಿದ್ದೆ. ಅವಳು ಡ್ರಾಯರಿಗೆ ಎಸೆದು ಮರೆತಿದ್ದಳು.

ಉಳಿದದ್ದು: ಹೀರೆ ಎಂಟು. ಸೂಜಿಮೆಣಸು ಹತ್ತನೇ ದಿನದವರೆಗೆ ಸೊನ್ನೆ, ಆಮೇಲೆ ಮೂರು. ಹೆಸರಿಲ್ಲದ ಪೊಟ್ಟಣದ್ದು ಒಂಬತ್ತು ಮೊಳೆತಿವೆ, ಎಂತದ್ದು ಅಂತ ಮಾತ್ರ ಇನ್ನೂ ಗೊತ್ತಿಲ್ಲ. ಎಲೆ ನೋಡಿದರೆ ಸೌತೆ ಜಾತಿ.

ಸಿದ್ದಾಪುರದ ಮಾಸ್ತರು
ಜೂನ್ 6, ಸಂಜೆ 7:05

ಸಂತೋಷ ಆಯ್ತು. ಹತ್ತು ಬೀಜ ಅಂದರೆ ಸಣ್ಣ ಲೆಕ್ಕ, ಸರ್ಕಾರಿ ಪರೀಕ್ಷೆಗೆ 400 ಬೀಜ ಎಣಿಸುತ್ತಾರೆ. ಇಲ್ಲಿ ಐದು, ಅಲ್ಲಿ ಏಳು ಬಂದಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಇಲ್ಲಿ ಒಂದು, ಅಲ್ಲಿ ಏಳು ಅನ್ನುವುದು ಆಕಸ್ಮಿಕ ಆಗಲಾರದು. ಬೇಸಿಗೆಯಲ್ಲಿ ಹುಬ್ಬಳ್ಳಿ ಶಿರಸಿಗಿಂತ ಬಿಸಿ, ಆದರೂ ಗೆದ್ದಿತು ನೋಡಿ. ಘಟ್ಟ ಮಳೆಯನ್ನೆಲ್ಲ ನಮ್ಮ ಮೇಲೇ ಸುರಿದು ಆಚೆಗೆ ಒಣ ಗಾಳಿ ಕಳಿಸುತ್ತದೆ.

ನಿಮ್ಮ ಡಬ್ಬಿಯ ತಪ್ಪು ಏನೆಂದರೆ, ಮಳೆಗಾಲದ ಮಧ್ಯೆ ಮುಚ್ಚಿದ್ದೀರಿ. ಬೀಜ ಅಷ್ಟರಲ್ಲಿ ತೇವ ಕುಡಿದಿತ್ತು, ಮುಚ್ಚಳ ಅದನ್ನ ಒಳಗೇ ಕೂಡಿ ಹಾಕಿತು. ಫೆಬ್ರವರಿ, ಮಾರ್ಚಿನ ಒಣ ಬಿಸಿಲಲ್ಲಿ ಮುಚ್ಚಿದ್ದರೆ ಅದೇ ಡಬ್ಬಿ ಕಾಯುತ್ತಿತ್ತು.

ಕಾಳಿಸಂಗಮ (ಕಾರವಾರ)
ಜೂನ್ 6, ಸಂಜೆ 7:20

ಆ ಡೊಂಕು ಬೆಂಡೆ ಎಸೀಬೇಡಿ ಅಕ್ಕ. ಎರಡು ಮಳೆಗಾಲ ಗೆದ್ದದ್ದು ಅದೊಂದೇ.

ಹಿತ್ತಲಮನೆ (ಶಿರಸಿ)
ಜೂನ್ 6, ರಾತ್ರಿ 9:00

ಅದನ್ನ ಅತ್ತೆ ಆಗಲೇ ಬಾವಿಕಟ್ಟೆ ಪಕ್ಕ ನೆಟ್ಟಿದ್ದಾರೆ.

ಹುಬ್ಬಳ್ಳಿಯ ಉಳಿದ ಬೀಜವೂ ನೆಲಕ್ಕೆ ಬಿತ್ತು. ನಾಳೆ ನಮ್ಮವರು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗ್ತಾರೆ. ಬಿತ್ತಿ ಉಳಿದ ಬೀಜ ಎಲ್ಲ ಹೆಸರು, ತಾರೀಕು ಬರೆದು ಕಟ್ಟಿಟ್ಟಿದ್ದೇನೆ. ದೀಪಾವಳಿಗೆ ಬರುವಾಗ ವಾಪಸ್ ತರ್ತೇನೆ ಅಂತ ನಾದಿನಿ ಒಪ್ಪಿದ್ದಾಳೆ. ಟಿವಿ ಕೆಳಗಿನ ಅದೇ ಡ್ರಾಯರು.

ಅಟ್ಟದ ಮೇಲೆ (ಶಿರಸಿ ತಾಲೂಕು)
ಜೂನ್ 6, ರಾತ್ರಿ 9:10

ಬಸ್ಸು ಎಷ್ಟು ಗಂಟೆಗೆ? ನಮ್ಮದೂ ಒಂದು ಡಬ್ಬಿ ಇದೆ.